‘ನೈಸ್’ ಎಂಬುದಕ್ಕೆ ಕನ್ನಡದಲ್ಲಿ ಏನೆನ್ನಬೇಕು?

ಗುಂಪಿನ ಎಲ್ಲರಿಗೂ ನಮಸ್ಕಾರ. ಹೊರದೇಶದಲ್ಲಿ ಬೆಳೆಯುವ ಮಕ್ಕಳಲ್ಲಿ ಕನ್ನಡವನ್ನು ಉಳಿಸುವ ಕುರಿತ ಚರ್ಚೆಗೆ ನನ್ನದೊಂದು ಅನುಭವವನ್ನು ಸೇರಿಸುತ್ತಿದ್ದೇನೆ.

ಒಂಬತ್ತು ವರ್ಷದ ಮಗಳು ಅಜ್ಜಿಗೆ ಪತ್ರ ಬರೆಯಲು ಕುಳಿತು, ‘ನಮ್ಮ ಟೀಚರ್ ತುಂಬಾ’ ಎಂಬಲ್ಲಿಗೆ ಪೆನ್ಸಿಲ್ ನಿಲ್ಲಿಸಿ, “ಅಮ್ಮ, ನೈಸ್‌ಗೆ ಕನ್ನಡದಲ್ಲಿ ಏನು?” ಎಂದು ಕೇಳಿದಳು. ಹವೆಯಾದರೆ ಹಿತವಾಗಿದೆ, ಚಿತ್ರವಾದರೆ ಸೊಗಸಾಗಿದೆ, ಮನುಷ್ಯರಾದರೆ ಒಳ್ಳೆಯವರು ಎನ್ನುತ್ತೇವೆ. ಎಲ್ಲಕ್ಕೂ ಹೊಂದುವ ಒಂದೇ ಪದ ನನಗೆ ಹೊಳೆಯಲಿಲ್ಲ.

‘ನೈಸ್’ ಪದದ ಮೂಲವನ್ನು ಅವಳೊಡನೆ ಕುಳಿತು ನಿಘಂಟಿನಲ್ಲಿ ನೋಡಿದೆ. ಲ್ಯಾಟಿನ್ನಿನ ‘ನೆಸ್ಕಿಯುಸ್’ ಎಂದರೆ ಅರಿಯದವನು. ‘ನೆ’ ಎಂಬುದು ನಿಷೇಧ, ಉಳಿದದ್ದು ‘ಅರಿ’ ಎಂಬರ್ಥದ ಧಾತು, ‘ಸೈನ್ಸ್’ ಹುಟ್ಟಿದ್ದೂ ಅದರಿಂದಲೇ. ನಮ್ಮ ‘ಅಜ್ಞ’ ಎಂಬ ಪದದ ಕಟ್ಟಡವೂ ಹೀಗೆಯೇ ಇದೆ. ಹಳೆಯ ಫ್ರೆಂಚಿನ ಮೂಲಕ ಸುಮಾರು 1300ರ ಹೊತ್ತಿಗೆ ಇಂಗ್ಲಿಷಿಗೆ ಬಂದಾಗ ‘ನೈಸ್’ ಎಂದರೆ ದಡ್ಡ ಎಂದೇ ಅರ್ಥ. ಆಮೇಲೆ ಅದು ಅತಿ ನಾಜೂಕಿನವರಿಗೆ, ಯಾವುದನ್ನೂ ಸುಲಭಕ್ಕೆ ಒಪ್ಪದವರಿಗೆ ಸಲ್ಲತೊಡಗಿ, ಅಲ್ಲಿಂದ ಸೂಕ್ಷ್ಮ, ಕರಾರುವಾಕ್ಕು ಎಂಬ ಅರ್ಥಕ್ಕೆ ಹೊರಳಿ, 18ನೆಯ ಶತಮಾನದಲ್ಲಿ ಇಂದಿನ ಹಿತದ ಅರ್ಥವನ್ನು ಪಡೆಯಿತು. ಸೂಕ್ಷ್ಮ ಭೇದವನ್ನು ‘ನೈಸ್ ಡಿಸ್ಟಿಂಕ್ಷನ್’ ಎನ್ನುವಾಗ ಆ ನಡುವಿನ ಅರ್ಥ ಈಗಲೂ ಕೇಳಿಸುತ್ತದೆ. ‘ಸಿಲ್ಲಿ’ಯದು ಇದಕ್ಕೆ ತಿರುವುಮುರುವಾದ ಕಥೆ: ಧನ್ಯ, ಸುಖಿ ಎಂಬಲ್ಲಿಂದ ಹೊರಟು ಪೆದ್ದ ಎಂಬಲ್ಲಿಗೆ ಇಳಿದಿದೆ.

ಮಗಳಿಗೆ ಇದು ನಂಬಲಾಗದ ಸಂಗತಿಯೆನಿಸಿತು. ಆಗ ನಾನು ‘ಮುಗ್ಧ’ ಪದವನ್ನು ಅವಳ ಮುಂದಿಟ್ಟೆ. ಮೂಢ, ಮೋಹ ಎಂಬ ಪದಗಳ ಧಾತುವಿನಿಂದಲೇ ಹುಟ್ಟಿ, ಸಂಸ್ಕೃತದಲ್ಲಿ ದಿಕ್ಕುತೋಚದವನು, ತಿಳಿಯದವನು ಎಂಬ ಅರ್ಥಗಳ ಜೊತೆಗೆ ಚೆಲುವು ಎಂಬ ಅರ್ಥವನ್ನೂ ಪಡೆದ ಈ ಪದವನ್ನು ನಾವು ಇಂದು ಮಗುವಿನ ನಗೆಗೆ ಎಷ್ಟು ಪ್ರೀತಿಯಿಂದ ಬಳಸುತ್ತೇವೆ! ಕನ್ನಡದ ಬಾಯಿಗೆ ಬಂದ ‘ನೈಸ್’ ಕೂಡ ಸುಮ್ಮನೆ ಕುಳಿತಿಲ್ಲ. ‘ನೈಸಾಗಿ ಮಾತಾಡಿ ಜಾರಿಕೊಂಡ’ ಎಂದಾಗ ಅದರಲ್ಲಿ ಒಳ್ಳೆಯತನಕ್ಕಿಂತ ಜಾಣತನವೇ ಹೆಚ್ಚು.

ಮಕ್ಕಳಿಗೆ ಪದಕ್ಕೆ ಪದವನ್ನು ಒಪ್ಪಿಸಿ ಮುಗಿಸುವುದರ ಬದಲು, ಯಾವುದನ್ನು ಕಂಡು ಹಾಗೆ ಹೇಳಬೇಕೆನಿಸಿತು ಎಂದು ಕೇಳುವುದು ಮೇಲೆಂದು ನನಗೆ ಈಗ ತೋರುತ್ತದೆ. ನಾನು ಹಾಗೆ ಕೇಳಿದ ಮೇಲೆ ಮಗಳು ‘ತುಂಬಾ’ ಎಂಬುದನ್ನು ಅಳಿಸಿ, ‘ನಮ್ಮ ಟೀಚರ್ ಎರಡು ಸಲ ಕೇಳಿದರೂ ಬೇಜಾರು ಮಾಡಿಕೊಳ್ಳದೆ ಹೇಳಿಕೊಡುತ್ತಾರೆ’ ಎಂದು ಬರೆದಳು.