ತೇಲುವ ಬುಗುರಿ ತೇಲವಲ್ದು, ಸೋಮವಾರ ವಸ್ತುಪ್ರದರ್ಶನ, ಲಗೂನ ಹೇಳ್ರಿ

ಶರಣು_ವೈಂಡಿಂಗ್ | ಶುಕ್ರವಾರ, ಮಧ್ಯಾಹ್ನ 2:40
ಮಗಳು ಏಳನೇತ್ತ. ಸೋಮವಾರ ಸಾಲಿಯೊಳಗ ವಿಜ್ಞಾನ ವಸ್ತುಪ್ರದರ್ಶನ. ಅದಕ್ಕಂತ ತೇಲುವ ಬುಗುರಿ ತಂದೀನಿ, ಲೆವಿಟ್ರಾನ್ ತರದ್ದು. ಅಯಸ್ಕಾಂತದ ಪೀಠದ ಮ್ಯಾಲ ತಟ್ಟಿ ಇಟ್ಟು, ಅದರ ಮ್ಯಾಲ ಬುಗುರಿ ತಿರುಗಿಸಿ, ತಟ್ಟಿ ಮೆಲ್ಲಗ ಎತ್ತಿದ್ರ ಬುಗುರಿ ಗಾಳಿಯೊಳಗ ನಿಲ್ಲಬೇಕು. ಮೂರು ದಿನದಿಂದ ತಿರುಗಿಸಿ ತಿರುಗಿಸಿ ಬೆರಳು ನೋಯಾಕ ಹತ್ಯಾವು, ಬೀಳ್ತದ ಅಷ್ಟ. ಮೋಟಾರ್ ವೈಂಡಿಂಗ್ ನನ್ನ ಕಸುಬು, ಮ್ಯಾಗ್ನೆಟ್ ನನಗ ಹೊಸದಲ್ಲ. ಕೂಸು ಅಳಾಕ ಹತ್ತೈತಿ. ಏನ್ ಮಾಡ್ಲಿ?

ಮಿಸ್ತ್ರಿ_ಮಂಡ್ಯ | 2:55
ಮಟ್ಟ ಸರಿಯಿಲ್ಲ. ಬೇರೆ ಏನೂ ಅಲ್ಲ.

ಶರಣು_ವೈಂಡಿಂಗ್ | 3:02
ರಸಮಟ್ಟ ಇಟ್ಟು ನೋಡೀನ್ರಿ. ಗುಳ್ಳಿ ನಟ್ಟ ನಡುವ ಐತಿ.

ಮಿಸ್ತ್ರಿ_ಮಂಡ್ಯ | 3:10
ರಸಮಟ್ಟ ಗೋಡೆಗೆ ಸಾಕು, ಇದಕ್ಕೆ ಸಾಲದು. ಪೀಠದ ಅಯಸ್ಕಾಂತ ಒಳಗೇ ಒಂಚೂರು ವಾಲಿದ್ದರೆ ಗುಳ್ಳೆಗೆ ಹೇಗೆ ಗೊತ್ತಾಗಬೇಕು? ಬುಗುರಿ ಯಾವ ಕಡೆಗೆ ಜಾರಿ ಬೀಳುತ್ತದೋ ಆ ಕಡೆಯ ಕಾಲಿನ ಸ್ಕ್ರೂ ತಿರುಗಿಸಿ ಸ್ವಲ್ಪ ಎತ್ತಿ. ಒಂದು ಸಲಕ್ಕೆ ಕಾಲು ಸುತ್ತು, ಅದಕ್ಕಿಂತ ಹೆಚ್ಚು ಬೇಡ.

ಕಡಲಕರೆ | 3:24
ಟೇಬಲ್ ಯಾವುದು ಮಾರಾಯ್ರೇ? ನಮ್ಮಲ್ಲಿ ಒಂದು ವಾರ ಒದ್ದಾಡಿದ ಮೇಲೆ ಗೊತ್ತಾದದ್ದು, ಹಲಗೆಯ ಅಡಿಯಲ್ಲಿ ಕಬ್ಬಿಣದ ಪಟ್ಟಿ ಇತ್ತು ಅಂತ. ಕಬ್ಬಿಣ ಹತ್ತಿರ ಇದ್ದರೆ ಕಾಂತಕ್ಷೇತ್ರ ಒಂದು ಬದಿಗೆ ಎಳೆಯುತ್ತದೆ.

ಶರಣು_ವೈಂಡಿಂಗ್ | 3:31
ಟೇಬಲ್ ಇಲ್ಲ. ನೆಲದ ಮ್ಯಾಲ, ಶಹಾಬಾದ್ ಕಲ್ಲು. ಕಬ್ಬಿಣ ಹತ್ರ ಏನೂ ಇಲ್ಲ. ಸ್ಕ್ರೂ ನಾಕೂ ಕಡೆ ತಿರುಗಿಸಾತು.

ಬುಗುರಿಪೆಟ್ಟಿಗೆ | 4:15
ನಮ್ಮನೇಲಿ ಪೀಠವನ್ನು ಅಮೃತಶಿಲೆಯ ಚಪ್ಪಡಿ ಮೇಲೆ ಕೂರಿಸಿದ್ದೇನೆ, ಮೂರು ಕಾಲಿಗೂ ಹಿತ್ತಾಳೆ ಸ್ಕ್ರೂ. ಎರಡು ನಿಮಿಷದ ಹತ್ತಿರ ನಿಲ್ಲುತ್ತದೆ. ಪಕ್ಕದಲ್ಲೇ ಚನ್ನಪಟ್ಟಣದ ಅರಗಿನ ಬುಗುರಿ ಹನ್ನೊಂದಿವೆ, ಆಲೆ ಮರದವು. ತಿರುಗುತ್ತಾ ತಲೆಕೆಳಗಾಗಿ ಕಡ್ಡಿಯ ಮೇಲೇ ನಿಲ್ಲುವ ಬುಗುರಿಯೂ ಇದೆ. ಭೌತವಿಜ್ಞಾನಿಗಳಾದ ನೀಲ್ಸ್ ಬೋರ್ ಮತ್ತು ಪೌಲಿ ಇಬ್ಬರೂ ಬಗ್ಗಿ ನೋಡುತ್ತಿರುವ ಫೋಟೋದಲ್ಲಿರುವುದು ಅದೇ ಜಾತಿ. ಫೋಟೋ ಹಾಕಲೇ?

ಮಿಸ್ತ್ರಿ_ಮಂಡ್ಯ | 4:20
ಅದು ಆಮೇಲೆ. ಶರಣು ಅವರೇ, ಎಲ್ಲಾ ಸ್ಕ್ರೂ ಪೂರ್ತಿ ಇಳಿಸಿ ಮೊದಲಿಂದ ಮಟ್ಟ ಶುರು ಮಾಡಿ.

ಲ್ಯಾಬ್_ಸಹಾಯಕಿ | 5:05
ಸ್ಕ್ರೂ ಮುಟ್ಟಬೇಡಿ ಸರ್, ಒಂದು ನಿಮಿಷ. "ಬೀಳುತ್ತದೆ" ಅಂದಿರಿ, ಹೇಗೆ ಅಂತ ಹೇಳಲಿಲ್ಲ. ತಟ್ಟೆ ಎತ್ತಿದಾಗ ಮೇಲಕ್ಕೆ ಹಾರಿ ಆಚೆ ಬೀಳುತ್ತದೆಯೋ, ತಟ್ಟೆ ಬಿಟ್ಟು ಏಳುವುದೇ ಇಲ್ಲವೋ, ಎದ್ದು ಪಕ್ಕಕ್ಕೆ ಜಾರುತ್ತದೆಯೋ? ಮೂರಕ್ಕೂ ಔಷಧ ಬೇರೆ. ಒಂದು ಸಲವಾದರೂ ತೇಲಿತ್ತಾ?

ಶರಣು_ವೈಂಡಿಂಗ್ | 5:20
ತಟ್ಟಿ ಬಿಟ್ಟು ಏಳೂದ ಇಲ್ರಿ. ಇನ್ನಷ್ಟು ಎತ್ತಿದ್ರ ವಾಲಿ ಬೀಳ್ತದ. ತೇಲಿತ್ತಲ್ಲ, ಮೊದಲನೇ ದಿನ ಮುಂಜಾನೆ ಆರಕ್ಕ. ಅರ್ಧ ನಿಮಿಷ ನಿಂತಿತ್ತು. ಬುಗುರಿಗೆ ವಾಷರ್ ಹಾಕಿ ತೂಕ ಹೊಂದಿಸಿದ್ದು ಆವಾಗನ, ಆಮ್ಯಾಲ ಮುಟ್ಟಿಲ್ಲ. ಅಂಗಡಿಗೆ ಹೋಗಿ ಮಧ್ಯಾಹ್ನ ಊಟಕ್ಕ ಬಂದಾಗ ಮತ್ತ ಮಾಡ್ತೀನಿ.

ಲ್ಯಾಬ್_ಸಹಾಯಕಿ | 5:24
ಯಾವ ಊರು ಸರ್? ಮನೆ ಮೇಲೆ ಏನಿದೆ?

ಶರಣು_ವೈಂಡಿಂಗ್ | 5:30
ರಾಯಚೂರು. ತಗಡಿನ ಮನಿ. ಯಾಕ್ರಿ? ಮಧ್ಯಾಹ್ನ ಒಳಗ 38 ಡಿಗ್ರಿ ಇರ್ತದ, ಮುಂಜಾನೆ 24.

ಲ್ಯಾಬ್_ಸಹಾಯಕಿ | 6:10
ಸಿಕ್ಕಿತು ನೋಡಿ. ಪೀಠದಲ್ಲೂ ಬುಗುರಿಯಲ್ಲೂ ಇರುವುದು ಫೆರೈಟ್ ಅಯಸ್ಕಾಂತ, ನಿಮ್ಮ ಸ್ಪೀಕರಿನ ಹಿಂದೆ ಇರುವ ಕಪ್ಪು ಬಳೆಯಂಥದ್ದು. ಒಂದೊಂದು ಡಿಗ್ರಿ ಏರಿದಾಗಲೂ ಅದರ ಬಲ ಶೇ. 0.2ರಷ್ಟು ಇಳಿಯುತ್ತದೆ. ಇಲ್ಲಿ ಎರಡೂ ಒಟ್ಟಿಗೆ ಸೋಲುವುದರಿಂದ ತಳ್ಳುವ ಬಲ ಡಿಗ್ರಿಗೆ ಶೇ. 0.4 ಕಡಿಮೆ. 14 ಡಿಗ್ರಿಗೆ ಶೇ. 5.6. ಬುಗುರಿ ಸುಮಾರು 20 ಗ್ರಾಂ ಇದ್ದರೆ, ಮಧ್ಯಾಹ್ನ ಹೊರಬಲ್ಲ ತೂಕ ಆರು ಗಂಟೆಗೆ ಹೊತ್ತದ್ದಕ್ಕಿಂತ ಒಂದು ಗ್ರಾಮಿಗೂ ಮೀರಿ ಕಡಿಮೆ.

ಒಂದು ಗ್ರಾಂ ಏನು ಮಹಾ ಅನ್ನಬೇಡಿ. ಬುಗುರಿ ತೇಲಿ ನಿಲ್ಲುವ ಜಾಗ ಪೀಠದಿಂದ 3 ಸೆಂ.ಮೀ. ಆಸುಪಾಸು, ಅದೂ ಕೆಲವೇ ಮಿಲಿಮೀಟರ್ ದಪ್ಪದ ಪದರ. ಆ ಎತ್ತರದಲ್ಲಿ ಬಲವೂ ತೂಕವೂ ಸಮ ಆಗದಿದ್ದರೆ ನಿಲ್ಲುವುದಿಲ್ಲ. ಆದ್ದರಿಂದ ವಾಷರ್ ಒಂದೊಂದೇ ತೆಗೆಯಿರಿ. ಹಾರಿ ಆಚೆ ಬೀಳತೊಡಗಿದರೆ ಹಗುರವಾಯಿತು ಅಂತ. ಆಗ ಚಿಕ್ಕ ತೂಕಕ್ಕೆ ಮನೆಯಲ್ಲಿ ಹಣೆಗಿಡುವ ಟಿಕಳಿ ಇರುತ್ತದಲ್ಲ, ಅದನ್ನು ಬುಗುರಿಯ ಕಡ್ಡಿಯ ಎರಡೂ ಬದಿ ಸಮನಾಗಿ ಒಂದೊಂದು ಅಂಟಿಸಿ. ವಾಷರ್ ಹಿತ್ತಾಳೆ ಇಲ್ಲವೇ ಪ್ಲಾಸ್ಟಿಕ್ ಇರಲಿ.

ಕಡಲಕರೆ | 6:18
ಫ್ರಿಜ್ಜಿನಲ್ಲಿ ಇಟ್ಟರೆ?

ಲ್ಯಾಬ್_ಸಹಾಯಕಿ | 6:22
ಬೇಡ. ಹೊರಗೆ ತೆಗೆದ ಕ್ಷಣದಿಂದ ಬಿಸಿಯಾಗುತ್ತಲೇ ಹೋಗುತ್ತದೆ, ತೂಕ ಹಿಡಿಯುವುದು ಇನ್ನೂ ಕಷ್ಟ.

ಬುಗುರಿಪೆಟ್ಟಿಗೆ | 7:40
ಮಗುವಿಗೆ ತತ್ವವನ್ನೂ ಹೇಳಿಕೊಡಿ. ಸುಲಭ: ತಿರುಗುವುದರಿಂದ ಬುಗುರಿ ಮಗುಚುವುದಿಲ್ಲ, ಎರಡು ಅಯಸ್ಕಾಂತ ಒಂದನ್ನೊಂದು ತಳ್ಳುತ್ತವೆ, ತೇಲುತ್ತದೆ. ಜೈರೋಸ್ಕೋಪ್, ಅಂದರೆ ಜೋರಾಗಿ ತಿರುಗುವ ವಸ್ತುವಿನ ಅಕ್ಷ ಸುಲಭಕ್ಕೆ ದಿಕ್ಕು ಬದಲಿಸದು, ಅಷ್ಟೇ.

ಲ್ಯಾಬ್_ಸಹಾಯಕಿ | 8:05
ಅಷ್ಟೇ ಅಲ್ಲ ಸರ್. ಮಗುಚದಿದ್ದರೂ ಪಕ್ಕಕ್ಕೆ ಜಾರಬಹುದಲ್ಲ? ನಿಶ್ಚಲ ಅಯಸ್ಕಾಂತಗಳನ್ನು ಹೇಗೇ ಜೋಡಿಸಿದರೂ ಒಂದರ ಮೇಲೊಂದು ಸ್ಥಿರವಾಗಿ ತೇಲಿಸಲಾಗದು ಎಂಬುದು 1842ರಲ್ಲಿ ಸ್ಯಾಮ್ಯುಯೆಲ್ ಅರ್ನ್‌ಶಾ ಕೊಟ್ಟ ಪ್ರಮೇಯದಿಂದ ಬರುತ್ತದೆ. ಬುಗುರಿಯ ಅಕ್ಷ ಕಲ್ಲಿನಂತೆ ನೆಟ್ಟಗೇ ನಿಂತರೆ ಆ ಪ್ರಮೇಯ ಇದಕ್ಕೂ ಅನ್ವಯಿಸಿ ಜಾರಿಯೇ ಬೀಳುತ್ತದೆ.

ಬುಗುರಿಪೆಟ್ಟಿಗೆ | 8:11
ಹಾಗಾದರೆ ನಮ್ಮನೆಯದು ಎರಡು ನಿಮಿಷ ಹೇಗೆ ನಿಲ್ಲುತ್ತದೆ?

ಲ್ಯಾಬ್_ಸಹಾಯಕಿ | 8:30
ಅಕ್ಷ ಹೊಯ್ದಾಡುವುದರಿಂದಲೇ! ಬುಗುರಿ ಒಂದಿಷ್ಟು ಪಕ್ಕಕ್ಕೆ ಸರಿದರೆ ಅಲ್ಲಿ ಕಾಂತಕ್ಷೇತ್ರದ ದಿಕ್ಕು ಸ್ವಲ್ಪ ಬೇರೆ. ಅಕ್ಷ ಆ ದಿಕ್ಕಿನ ಸುತ್ತ ಮೆಲ್ಲಗೆ ಸುತ್ತುತ್ತಾ ಅದನ್ನೇ ಹಿಂಬಾಲಿಸುತ್ತದೆ. ಹಾಗೆ ಹಿಂಬಾಲಿಸುವ ಬುಗುರಿಗೆ ಆಳವಿಲ್ಲದ ಬಟ್ಟಲಿನಂಥ ಒಂದು ತಾಣ ಸಿಗುತ್ತದೆ. ಇದನ್ನು ಲೆಕ್ಕ ಹಾಕಿ ತೋರಿಸಿದವರು ಭೌತವಿಜ್ಞಾನಿ ಮೈಕೆಲ್ ಬೆರ್ರಿ, 1996ರಲ್ಲಿ. ಆಟಿಕೆಗೆ ರಾಯ್ ಹ್ಯಾರಿಗನ್ ಪೇಟೆಂಟ್ ಪಡೆದದ್ದು 1983ರಲ್ಲೇ. ಮಾಡಿದವರ ಕೈಗೆ ಮೊದಲು ಗೊತ್ತಾಯಿತು, ಲೆಕ್ಕ ಹಿಂದೆ ಬಂತು. ನನಗೆ ಇದರಲ್ಲಿ ತುಂಬಾ ಇಷ್ಟವಾಗುವ ಸಂಗತಿ ಅದೇ.

ಪರೀಕ್ಷೆ ಬೇಕಿದ್ದರೆ ಇದು: ಬರೀ ಜೈರೋಸ್ಕೋಪ್ ಆಗಿದ್ದರೆ ಜೋರಾಗಿ ತಿರುಗಿಸಿದಷ್ಟೂ ಚೆನ್ನಾಗಿ ನಿಲ್ಲಬೇಕಿತ್ತು. ತೀರಾ ಜೋರಾದರೂ ಬೀಳುತ್ತದೆ, ಅಕ್ಷ ಹಿಂಬಾಲಿಸಲಾರದು. ಗಾಳಿಯ ತಡೆಗೆ ಸೋತು ನಿಮಿಷಕ್ಕೆ ಸುಮಾರು 1000 ಸುತ್ತಿಗಿಂತ ಇಳಿದರೂ ಬೀಳುತ್ತದೆ.

ಬುಗುರಿಪೆಟ್ಟಿಗೆ | 8:47
ಕೈಯಲ್ಲಿ ಅಷ್ಟು ಜೋರು ಯಾರು ತಿರುಗಿಸುತ್ತಾರೆ? ನಾನು ಒಪ್ಪುವುದಿಲ್ಲ. ಬೇರೆ ಎಳೆ ಶುರು ಮಾಡುತ್ತೇನೆ, ಅಲ್ಲಿ ಬನ್ನಿ.

ಶರಣು_ವೈಂಡಿಂಗ್ | ಶನಿವಾರ, ಮಧ್ಯಾಹ್ನ 2:15
ಎದ್ದಿತ್ರೀ! ಒಂದು ದೊಡ್ಡ ವಾಷರ್, ಒಂದು ಸಣ್ಣದು ತಗದೆ. ತಗದದ್ದನ್ನ ಅಕ್ಕಸಾಲ್ಯಾರ ಅಂಗಡ್ಯಾಗ ತೂಗಿಸಿದೆ, 1.3 ಗ್ರಾಂ. ಆಮ್ಯಾಲ ಮನಿಯಾಕಿ ಟಿಕಳಿ ನಾಕು ಅಂಟಿಸಿದ್ವಿ. ಎದ್ದು ನಿಂತು, ಕಿಟಕಿ ಕಡೆ ಜಾರಿ ಬೀಳಾಕ ಹತ್ತಿತು. ಮಿಸ್ತ್ರಿ ಅವರು ಹೇಳಿದಂಗ ಕಿಟಕಿ ಕಡೆ ಕಾಲು ಎತ್ತಿದೆ, ಕಾಲು ಸುತ್ತು. 50 ಸೆಕೆಂಡ್ ನಿಂತೈತಿ. ಮಗಳು ಕೆಳಗಿಂದ ಕಾಗದ ಹಾಯಿಸಿ ದಾರ ಇಲ್ಲಂತ ಓಣಿಯವರಿಗೆಲ್ಲಾ ತೋರಿಸಿದಳು.

ಮಿಸ್ತ್ರಿ_ಮಂಡ್ಯ | 2:19
ಮಟ್ಟ ಅಂತ ಮೊದಲೇ ಹೇಳಿದ್ದೆ.

ಲ್ಯಾಬ್_ಸಹಾಯಕಿ | 2:33
ತೂಕ ಸರಿಯಾದ ಮೇಲೆ ಮಟ್ಟ, ಸರ್. ಎರಡೂ ಬೇಕು. ಶರಣು ಸರ್, ಆ ವಾಷರ್‌ಗಳನ್ನು ಒಂದು ಡಬ್ಬಿಯಲ್ಲಿ ಹಾಕಿ ಜೊತೆಗೇ ಒಯ್ಯಿರಿ. ಸೋಮವಾರ ಎಷ್ಟು ಗಂಟೆಗೆ?

ಶರಣು_ವೈಂಡಿಂಗ್ | 2:50
ಹನ್ನೊಂದಕ್ಕ. ಹಾಲ್‌ನ್ಯಾಗ ಆರು ಫ್ಯಾನ್ ಅದಾವು. ಗಾಳಿಗೆ ನಿಲ್ತದೇನ್ರಿ?