ನೀರುಗುಳ್ಳೆ, ಉರಿಮೂತ್ರ: ಸರ್ಪಸುತ್ತೋ, ಇನ್ನೊಂದೋ? ಯಾವ ಪರೀಕ್ಷೆ ಮಾಡಿಸಲಿ?

ಕಲ್ಪತರು ನಾಡಿನವಳು:

ವಯಸ್ಸು 31, ಮದುವೆಯಾಗಿ ಆರು ವರ್ಷ. ತಿಪಟೂರಿನಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದೇನೆ. ದಿನವಿಡೀ ಮಷೀನಿನ ಮುಂದೆ ಕೂರುವ ಕೆಲಸ, ಆದರೆ ಮೂರು ದಿನದಿಂದ ಕೂರಲಾಗುತ್ತಿಲ್ಲ.

ಭಾನುವಾರ ಮೈ ಬೆಚ್ಚಗಾಗಿ ಸೊಂಟ, ತೊಡೆ ಸೆಳೆಯತೊಡಗಿತು. ಮುಟ್ಟಿನ ಸೂಚನೆ ಎಂದುಕೊಂಡೆ. ಸೋಮವಾರ ಕೆಳಗೆ ಚುರುಚುರು ಉರಿ. ಕನ್ನಡಿ ಹಿಡಿದು ನೋಡಿದರೆ ಜನನಾಂಗದ ಎರಡೂ ಅಂಚಿನಲ್ಲಿ ನೆನೆದ ಸಬ್ಬಕ್ಕಿಯಂತಹ ನೀರುಗುಳ್ಳೆಗಳು, ಒತ್ತೊತ್ತಾಗಿ. ಇಂದು ಮೂರು ಒಡೆದು ಹುಣ್ಣಾಗಿವೆ. ಮೂತ್ರ ತಗುಲಿದರೆ ಗಾಯಕ್ಕೆ ಖಾರದಪುಡಿ ಸವರಿದ ಹಾಗೆ. ಹೆದರಿ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದೇನೆ. ತೊಡೆಸಂದಿನಲ್ಲಿ ಗೋಲಿಯಂತಹ ಗಂಟುಗಳೂ ಕೈಗೆ ಸಿಗುತ್ತಿವೆ.

ಔಷಧಿ ಅಂಗಡಿಯಲ್ಲಿ ಬೆವರಿನ ತುರಿಕೆ ಎಂದು ಸುಳ್ಳು ಹೇಳಿ ಒಂದು ಟ್ಯೂಬ್ ತಂದೆ. ಹಚ್ಚಿದ ರಾತ್ರಿ ನಿದ್ದೆಯೇ ಇಲ್ಲ. ಮೊಬೈಲ್‌ನಲ್ಲಿ ಹುಡುಕಿದರೆ ಹರ್ಪಿಸ್ ಎಂದರೆ ಸರ್ಪಸುತ್ತು ಎಂದು ಬರುತ್ತದೆ. ಇದು ಅದೇ ಆಗಿರಬಹುದೇ? ಗುಹ್ಯರೋಗವಾದರೆ ಎಲ್ಲಿಂದ ಬಂತು? ನನಗೆ ಗಂಡನ ಹೊರತು ಯಾರ ಸಂಬಂಧವೂ ಇಲ್ಲ. ಅವರು ಕೊಬ್ಬರಿ ಲೋಡಿನ ಲಾರಿ ಓಡಿಸುತ್ತಾರೆ, ತಿಂಗಳಲ್ಲಿ ಇಪ್ಪತ್ತು ದಿನ ಹೊರಗೆ. ಮುಂದಿನದನ್ನು ಬರೆಯಲು ಕೈ ಬರುತ್ತಿಲ್ಲ.

ಮನೆಗೇ ಬಂದು ರಕ್ತ ತೆಗೆದುಕೊಂಡು ಐಜಿಎಂ, ಐಜಿಜಿ ಎಂಬ ಪ್ರತಿಕಾಯಗಳನ್ನು ನೋಡುತ್ತಾರಂತೆ. ಕೊಡಲೇ?

ಅಜ್ಜಿಯ ಮೊಮ್ಮಗ:

ನೀರುಗುಳ್ಳೆ, ಉರಿ ಎಂದರೆ ಸರ್ಪಸುತ್ತೇ ಅಕ್ಕ. ಕೆಮ್ಮಣ್ಣು ಅರೆದು ಹಚ್ಚಿಸಿಕೊಳ್ಳಿ. ತಲೆ, ಬಾಲ ಕೂಡದ ಹಾಗೆ ನೋಡಿಕೊಳ್ಳಬೇಕು ಎಂದು ನಮ್ಮ ಅಜ್ಜಿ ಹೇಳುತ್ತಿದ್ದರು.

ನಿವೃತ್ತ ಲ್ಯಾಬ್‌ನವಳು:

ತಮ್ಮಾ, ಒಡೆದ ಹುಣ್ಣಿಗೆ ಮಣ್ಣು ಬೇಡ. ಸರ್ಪಸುತ್ತು ಸೀತಾಳೆ ಸಿಡುಬಿನ ವೈರಸ್‌ನದು. ವರ್ಷಗಟ್ಟಲೆ ನರದಲ್ಲಿ ಮಲಗಿದ್ದು ಎದ್ದಾಗ ಸಾಮಾನ್ಯವಾಗಿ ಮೈಯ ಒಂದೇ ಬದಿಯಲ್ಲಿ, ಪಟ್ಟಿಯಂತೆ ಗುಳ್ಳೆ ಏಳಿಸುತ್ತದೆ. ಇವರಿಗೆ ಎರಡೂ ಬದಿಯಲ್ಲಿದೆ. ಹರ್ಪಿಸ್ ಸಿಂಪ್ಲೆಕ್ಸ್ ಅದರ ದಾಯಾದಿ, ಅಷ್ಟೇ. ಹೆಸರು ಒಂದೆಂದು ಎಷ್ಟು ಜನ ದಾರಿ ತಪ್ಪಿದ್ದನ್ನು ಕಂಡಿದ್ದೇನೋ.

ತಂಗಿ, ನೀವು ಬರೆದ ಲಕ್ಷಣಗಳು ಮೊದಲ ಸಲದ ಜನನಾಂಗ ಹರ್ಪಿಸ್‌ಗೆ ಹೊಂದುತ್ತವೆ. ಆದರೂ ಕಣ್ಣಂದಾಜು ಸಾಲದು. ಸಿಫಿಲಿಸ್ ಎಂಬ ಇನ್ನೊಂದು ಗುಹ್ಯರೋಗದ ಹುಣ್ಣು ಸಾಮಾನ್ಯವಾಗಿ ಒಂದೇ ಇರುತ್ತದೆ, ಗಟ್ಟಿಯಾಗಿರುತ್ತದೆ, ನೋಯುವುದಿಲ್ಲ ಎಂದು ಪುಸ್ತಕ ಹೇಳುತ್ತದೆ. ಪುಸ್ತಕ ಓದದ ಹುಣ್ಣುಗಳೂ ಇರುತ್ತವೆ.

ಆ ರಕ್ತಪರೀಕ್ಷೆಗೆ ಈಗ ಹಣ ಸುರಿಯಬೇಡಿ. ಐಜಿಎಂ ವರದಿಗಳನ್ನು ಕಂಡರೆ ನನಗೆ ಇಂದಿಗೂ ಕೋಪ. ಹೊಸ ಸೋಂಕೋ ಹಳೆಯದೋ ಎಂದು ಅದು ನಂಬುವಂತೆ ಹೇಳುವುದಿಲ್ಲ, ಹಳೆಯದು ಮರುಕಳಿಸಿದಾಗಲೂ ಪಾಸಿಟಿವ್ ಬರಬಹುದು. ಒಂದು ಹಾಳೆಯಿಂದ ಮುರಿದ ಮನೆಗಳುಂಟು. ಐಜಿಜಿ ಮೂಡಲು ವಾರಗಳು ಬೇಕು, ಕೆಲವರಲ್ಲಿ ಮೂರು ತಿಂಗಳ ಮೇಲೆ. ಈಗ ನೆಗೆಟಿವ್ ಬಂದರೆ ಅರ್ಥವಿಲ್ಲ. ಈ ವೈರಸ್‌ನಲ್ಲಿ ಎರಡು ಬಗೆ, ತುಟಿಯ ಗುಳ್ಳೆ ಹೆಚ್ಚಾಗಿ ಟೈಪ್ 1ರದು. ಟೈಪ್ 1 ಐಜಿಜಿ ಪಾಸಿಟಿವ್ ಬಂದರೂ ವೈರಸ್ ತುಟಿಯಲ್ಲಿದೆಯೋ ಕೆಳಗಿದೆಯೋ ಎಂದು ರಕ್ತ ಹೇಳದು.

ನಿಮಗೆ ಬೇಕಾದದ್ದು ಹುಣ್ಣಿನ ಸ್ವಾಬ್ (ಕಡ್ಡಿಯಿಂದ ಉಜ್ಜಿ ತೆಗೆದ ಮಾದರಿ), ವೈರಸ್‌ನ ವಂಶವಸ್ತುವನ್ನೇ ಹುಡುಕುವ ಪಿಸಿಆರ್ ಪರೀಕ್ಷೆಗೆ. ಒಡೆಯದ ಗುಳ್ಳೆಯನ್ನು ಬಿಡಿಸಿ ಅದರ ತಳವನ್ನು ಉಜ್ಜಿ ತೆಗೆಯಬೇಕು. ಮೇಲಿನ ನೀರನ್ನಷ್ಟೇ ಒರೆಸಿದರೆ ಸಾಲದು. ಮರದ ಕಡ್ಡಿಯ ಹತ್ತಿ ಬೇಡ. ಸಿಂಥೆಟಿಕ್ ಸ್ವಾಬ್, ವೈರಲ್ ಟ್ರಾನ್ಸ್‌ಪೋರ್ಟ್ ಮೀಡಿಯಂ (ವೈರಸ್ ಕೆಡದಂತೆ ಸಾಗಿಸುವ ದ್ರವ) ಇರುವ ಸೀಸೆ, ತಣ್ಣನೆಯ ಪೆಟ್ಟಿಗೆ. ಹಕ್ಕಳೆ ಕಟ್ಟಿದ ಮೇಲೆ ವೈರಸ್ ಸಿಗದೆ ಹೋಗಬಹುದು, ಆದ್ದರಿಂದ ನಾಳೆಯೇ ಹೋಗಿ. ಕೆಲವೆಡೆ ಟ್ಜಾಂಕ್ ಸ್ಮಿಯರ್ ಮಾಡುತ್ತಾರೆ. ಗಾಜಿನ ಮೇಲೆ ಬಳಿದು ದೈತ್ಯಕೋಶ ಹುಡುಕುವ ಹಳೆಯ ಪದ್ಧತಿ, ನಾನೇ ನೂರಾರು ನೋಡಿದ್ದೇನೆ. ಅದರಲ್ಲಿ ಟೈಪ್ ತಿಳಿಯುವುದಿಲ್ಲ, ಸರ್ಪಸುತ್ತನ್ನೂ ಬೇರ್ಪಡಿಸಲಾಗದು.

ಜೊತೆಗೆ ಸಿಫಿಲಿಸ್ ಮತ್ತು ಎಚ್‌ಐವಿ ಪರೀಕ್ಷೆ ಕೇಳಿ ಮಾಡಿಸಿ. ವರದಿಗಾಗಿ ಮಾತ್ರೆ ತಡಮಾಡಬಾರದು. ವೈರಸ್ ತಡೆಯುವ ಅಸೈಕ್ಲೋವಿರ್ ಬೇಗ ಶುರುವಾದಷ್ಟೂ ಒಳ್ಳೆಯದು. ಆ ಟ್ಯೂಬಿನ ಮೇಲೆ ಕ್ಲೋಬೆಟಸಾಲ್ ಎಂದಿದ್ದರೆ ಕಸದ ಬುಟ್ಟಿಗೆ ಹಾಕಿ, ಅದು ಸ್ಟೀರಾಯ್ಡ್.

ನೀರು ಚೆನ್ನಾಗಿ ಕುಡಿಯಿರಿ. ಮೂತ್ರ ಮಾಡುವಾಗ ಚೊಂಬಿನಿಂದ ಉಗುರುಬೆಚ್ಚಗಿನ ನೀರು ಸುರಿದುಕೊಳ್ಳಿ, ಉರಿ ತಗ್ಗುತ್ತದೆ. ಮೂತ್ರ ಕಟ್ಟಿಕೊಂಡರೆ ಮಾತ್ರ ಕಾಯದೆ ಆಸ್ಪತ್ರೆಗೆ ಓಡಿ.

ಗಂಡನ ವಿಷಯ. ಸೋಂಕು ತಗುಲಿದ ಎರಡರಿಂದ ಹನ್ನೆರಡು ದಿನದಲ್ಲಿ ಗುಳ್ಳೆ ಏಳುವುದು ರೂಢಿ. ಆದರೆ ಕೆಲವರಿಗೆ ಆಗ ಏನೂ ಕಾಣದೆ ವರ್ಷಗಳ ಬಳಿಕ ಮೊದಲ ಗುಳ್ಳೆ ಏಳುತ್ತದೆ. ನಿಮ್ಮ ಯಜಮಾನರ ತುಟಿಯಲ್ಲಿ ಯಾವಾಗಲಾದರೂ ಗುಳ್ಳೆ ಏಳುತ್ತದೆಯೇ, ನೆನಪಿಸಿಕೊಳ್ಳಿ.

ಕೆಂಪು ಪೊಟ್ಟಣ:

ನನಗೂ ಎರಡು ವರ್ಷದ ಹಿಂದೆ ಬಂದಿತ್ತು. ಗಂಡಸಾದರೂ ನಾಚಿಕೆ ಅಷ್ಟೇ ಇತ್ತು. ಜಿಲ್ಲಾ ಆಸ್ಪತ್ರೆಯಲ್ಲಿ ಗುಹ್ಯರೋಗ ನೋಡುವ ಸುರಕ್ಷಾ ಕ್ಲಿನಿಕ್‌ಗೆ ಹೋದೆ. ಪರೀಕ್ಷೆ, ಮಾತ್ರೆ ಎಲ್ಲ ಉಚಿತ. ಅಲ್ಲಿ ಲಕ್ಷಣ ನೋಡಿ ಬಣ್ಣದ ಪೊಟ್ಟಣ ಕೊಡುತ್ತಾರೆ, ಹರ್ಪಿಸ್‌ಗೆ ಕೆಂಪು. 400 ಮಿಲಿಗ್ರಾಂ ಮಾತ್ರೆ ದಿನಕ್ಕೆ ಮೂರು, ಏಳು ದಿನ. ಸ್ವಾಬ್ ಪಿಸಿಆರ್ ಮಾತ್ರ ಅಲ್ಲಿ ಸಿಗಲಿಲ್ಲ. ಎದುರಿಗೆ ಕೇಳಲು ಧೈರ್ಯವಿಲ್ಲದಿದ್ದರೆ ಮೊದಲು ಏಡ್ಸ್ ಸಹಾಯವಾಣಿ 1097ಕ್ಕೆ ಕರೆ ಮಾಡಿ. ನನಗೆ ಮತ್ತೆ ಎರಡು ಸಲ ಬಂತು, ಮೊದಲಿನಷ್ಟು ನೋವಿಲ್ಲ, ಐದಾರು ದಿನಕ್ಕೆ ಒಣಗಿತು.

ಕಲ್ಪತರು ನಾಡಿನವಳು (ಹನ್ನೆರಡು ದಿನದ ನಂತರ):

ತುಮಕೂರಿಗೆ ಹೋಗಿ ಬಂದೆ. ಬೋರ್ಡಿನಲ್ಲಿ ಚರ್ಮರೋಗ ಎಂಬುದರ ಪಕ್ಕದಲ್ಲೇ ಗುಹ್ಯರೋಗ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಸೆರಗನ್ನು ಕಿವಿಯವರೆಗೆ ಎಳೆದುಕೊಂಡು ಒಳಗೆ ಹೋದೆ. ಡಾಕ್ಟರಮ್ಮ ಎರಡೇ ಪ್ರಶ್ನೆ ಕೇಳಿದರು, ಮುಖ ಸಿಂಡರಿಸಲಿಲ್ಲ. ಸ್ವಾಬ್ ತೆಗೆಯುವಾಗ ಮಂಚದ ಕಬ್ಬಿಣ ಹಿಡಿದುಕೊಂಡಿದ್ದೆ, ಅದೊಂದು ನಿಮಿಷ. ಮಾತ್ರೆ ಅಂದೇ ಶುರು. ನಾಲ್ಕನೆಯ ದಿನ ವರದಿ ಬಂತು: ಹರ್ಪಿಸ್ ಸಿಂಪ್ಲೆಕ್ಸ್ ಟೈಪ್ 1. ಸಿಫಿಲಿಸ್, ಎಚ್‌ಐವಿ ಇಲ್ಲ. ಮೂರು ತಿಂಗಳಿಗೆ ಅವೆರಡನ್ನೂ ಮತ್ತೊಮ್ಮೆ ನೋಡಬೇಕಂತೆ.

ತುಟಿಯ ಮಾತು ಎತ್ತಿದಿರಲ್ಲ ಅಕ್ಕ, ಎದೆ ಧಸಕ್ಕೆಂದಿತು. ಬಿಸಿಲಲ್ಲಿ ದೂರ ಹೋಗಿ ಬಂದಾಗಲೆಲ್ಲ ಅವರ ತುಟಿಯ ಮೂಲೆಯಲ್ಲಿ ಗುಳ್ಳೆ ಏಳುತ್ತದೆ. ಚಿಕ್ಕಂದಿನಿಂದಲೂ ಹಾಗೇ, ಜಿರಳೆ ನೆಕ್ಕಿದ್ದು ಎಂದು ಅತ್ತೆ ನಗುತ್ತಾರೆ. ಈ ಸಲ ಊರಿಗೆ ಬಂದಾಗಲೂ ಇತ್ತು. ಫೋನಿನಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಲಾರಿಯ ಸದ್ದು ಮಾತ್ರ ಕೇಳಿತು. ಆಮೇಲೆ, "ಹಾಗಾದರೆ ನಾನೇ ಕೊಟ್ಟೆನೇ?" ಎಂದರು.

ಇನ್ನೊಂದು ಕೇಳಬೇಕು. ಮಗುವಿಗಾಗಿ ಎರಡು ವರ್ಷದಿಂದ ಕಾಯುತ್ತಿದ್ದೇವೆ. ಇದರಿಂದ ತೊಂದರೆಯೇ?

ನಿವೃತ್ತ ಲ್ಯಾಬ್‌ನವಳು:

ಗರ್ಭ ನಿಲ್ಲಲು ಇದು ಅಡ್ಡಿಯಲ್ಲ. ಮಗುವಿಗೆ ಹೆಚ್ಚು ಅಪಾಯ ತಾಯಿಗೆ ಕೊನೆಯ ತಿಂಗಳುಗಳಲ್ಲಿ ಮೊದಲ ಸಲ ಸೋಂಕು ತಗುಲಿದಾಗ. ಕೆಳಗಿನ ಟೈಪ್ 1 ಮರುಕಳಿಸುವುದೂ ಟೈಪ್ 2ಕ್ಕಿಂತ ಕಡಿಮೆ. ಆದರೂ ಹೆರಿಗೆ ಡಾಕ್ಟರಿಗೆ ಹೇಳಲೇಬೇಕು, ನೋವಿನ ಹೊತ್ತಿಗೆ ಹುಣ್ಣಿದ್ದರೆ ಸಿಸೇರಿಯನ್ ಮಾಡುತ್ತಾರೆ. ಯಜಮಾನರ ತುಟಿ ಚುರುಗುಟ್ಟಿದ ಕ್ಷಣದಿಂದ ಹಕ್ಕಳೆ ಉದುರುವವರೆಗೆ ಬಾಯಿ ದೂರ ಇರಲಿ. ಪುಟ್ಟ ಮಕ್ಕಳಿಗೂ ಮುತ್ತು ಕೊಡಬಾರದು, ಅದನ್ನು ಅತ್ತೆಯವರಿಗೂ ಹೇಳಿ. ವರದಿಯನ್ನು ಎಸೆಯಬೇಡಿ. ತಾಯಿ ಕಾರ್ಡ್ ಮಾಡಿಸಿದ ದಿನ ಅದರೊಳಗೆ ಮಡಚಿಡಿ.