ಕಾಲೇಜು ಲೈಬ್ರರಿಗೆ ಯಾವ ಆನ್‌ಲೈನ್ ಟೂಲ್? ಬಳಸಿದವರು ಅನುಭವ ಹೇಳಿ

ಬನಶಂಕರಿ ಲೈಬ್ರರಿಯನ್

ನಮಸ್ಕಾರ. ಟ್ರಸ್ಟ್ ನಡೆಸುವ ಡಿಗ್ರಿ ಕಾಲೇಜಿನ ಲೈಬ್ರರಿ ನನ್ನದು. ಸುಮಾರು 18,000 ಪುಸ್ತಕ, ಅರ್ಧಕ್ಕಿಂತ ಜಾಸ್ತಿ ಕನ್ನಡ. ಹಳೆಯವು ಅಕ್ಸೆಶನ್ ರಿಜಿಸ್ಟರಿನಲ್ಲಿವೆ, ಅಂದರೆ ಪುಸ್ತಕ ಬಂದ ಹಾಗೆ ನಂಬರ್ ಕೊಟ್ಟು ಬರೆಯುವ ರಿಜಿಸ್ಟರಿನಲ್ಲಿ. ಆಮೇಲಿನವು ನುಡಿ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿದ ಎಕ್ಸೆಲ್ ಫೈಲಿನಲ್ಲಿವೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವುದರೊಳಗೆ ಎಲ್ಲ ಆನ್‌ಲೈನ್ ಆಗಬೇಕು ಎಂದು ಪ್ರಿನ್ಸಿಪಾಲರು ಹೇಳಿದ್ದಾರೆ. ಒಂದೊಂದನ್ನೇ ಹಾಕಿ ನೋಡುತ್ತಿದ್ದೇನೆ. ಕೋಹಾ ಎಂಬ ಲೈಬ್ರರಿ ಸಾಫ್ಟ್‌ವೇರಿನ ಡೆಮೊ ನೋಡಿದೆ, ಪುಸ್ತಕದ ಬೇಡಿಕೆಗೆ ಗೂಗಲ್ ಫಾರ್ಮ್ ಇಟ್ಟೆ, ಈಗ ವರ್ಗೀಕರಣಕ್ಕೆ ಎಐ ಚಾಟ್‌ಬಾಟ್ ಕೇಳುತ್ತಿದ್ದೇನೆ. ವರ್ಷಕ್ಕೆ 40,000 ರೂಪಾಯಿ ಸಿಗಬಹುದು. ಸಹಾಯಕ್ಕೆ ಒಬ್ಬರು ಅಟೆಂಡರ್ ಇದ್ದಾರೆ. ನೀವು ಏನು ಬಳಸಿದಿರಿ, ಎಲ್ಲಿ ತೊಂದರೆ ಆಯಿತು? ಆ ನುಡಿ ಫೈಲನ್ನು ಏನು ಮಾಡಲಿ?

ರಾಜಾಜಿನಗರ ಕೋಹಾ

ಕೋಹಾ ಬಿಟ್ಟು ಬೇರೆ ಯೋಚನೆಯೇ ಬೇಡ ಮೇಡಂ. ನಮ್ಮದು ಇಂಜಿನಿಯರಿಂಗ್ ಕಾಲೇಜು. ಮೊದಲು ಒಬ್ಬ ವೆಂಡರ್ ಬಂದ. ಇನ್‌ಸ್ಟಾಲೇಶನ್ 1,20,000, ವರ್ಷದ ನಿರ್ವಹಣೆ ಶುಲ್ಕ (ಎಎಂಸಿ) 25,000, ಮೇಲೆ ಜಿಎಸ್‌ಟಿ. ಸಾಫ್ಟ್‌ವೇರ್ ಉಚಿತ ಅಂತ ನಾನು ಬಡಕೊಂಡೆ, ಮ್ಯಾನೇಜ್‌ಮೆಂಟ್ ಕೇಳಲಿಲ್ಲ. ಹಾಕಿದ ಮೇಲೆ ಆತ ಸರ್ವರ್ ಪಾಸ್‌ವರ್ಡ್ ಕೊಡಲಿಲ್ಲ. ಓವರ್‌ಡ್ಯೂ ನೋಟಿಸಿನಲ್ಲಿ ಒಂದು ಸಾಲು ಬದಲಿಸಲು ವಿಸಿಟ್ ಚಾರ್ಜ್ 2,500. ಎಎಂಸಿ ಚೆಕ್ ತಡವಾಯಿತು ಅಂತ ಬ್ಯಾಕಪ್ ಕೇಳಿದರೂ ಫೋನ್ ಎತ್ತಲಿಲ್ಲ. ನಮ್ಮ ಪುಸ್ತಕದ ಪಟ್ಟಿಗೆ ನಾವೇ ಅಂಗಲಾಚಬೇಕಾ?

ಆಮೇಲೆ ನಾನೇ ಕೂತು ಕಲಿತೆ. ಎಸ್.ಪಿ. ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ 22,000. ಎಸ್‌ಎಸ್‌ಡಿ 4,200. ಯುಪಿಎಸ್ ಮತ್ತು ಬ್ಯಾಟರಿ 14,500. ಬ್ಯಾಕಪ್‌ಗೆ ಹೊರಗಿನ ಹಾರ್ಡ್ ಡಿಸ್ಕ್ 5,300. ಒಟ್ಟು 46,000. ಡೆಬಿಯನ್ ಆಪರೇಟಿಂಗ್ ಸಿಸ್ಟಮ್‌ಗೆ ದುಡ್ಡಿಲ್ಲ, ಕೋಹಾಗೆ ದುಡ್ಡಿಲ್ಲ. ವೆಂಡರಿಗೆ ಕೊಟ್ಟಿದ್ದರ ಅರ್ಧವೂ ಅಲ್ಲ.

ಕನ್ನಡ ಇದ್ದರೆ ಒಂದು ವಿಷಯ ನೋಡಲೇಬೇಕು. ಹುಡುಕಾಟಕ್ಕೆ ಬಳಸುವ ಕೋಹಾದ ಜೀಬ್ರಾ ಇಂಡೆಕ್ಸಿನ ಸೆಟ್ಟಿಂಗನ್ನು ಸಿಎಚ್‌ಆರ್‌ನಿಂದ ಐಸಿಯುಗೆ ಬದಲಿಸಿ ಪೂರ್ತಿ ರೀಇಂಡೆಕ್ಸ್ ಮಾಡಬೇಕು. ನಮ್ಮ ವೆಂಡರ್ ಮಾಡಿರಲೇ ಇಲ್ಲ. ಹುಡುಗರು ‘ವಚನ’ ಅಂತ ಟೈಪ್ ಮಾಡಿದರೆ ಓಪ್ಯಾಕಿನಲ್ಲಿ, ಅಂದರೆ ಓದುಗರು ಹುಡುಕುವ ಆನ್‌ಲೈನ್ ಕ್ಯಾಟಲಾಗಿನಲ್ಲಿ, ಸೊನ್ನೆ. ಕಪಾಟಿನಲ್ಲಿ ನೋಡಿದರೆ ಎರಡು ಸಾಲು ವಚನ ಸಾಹಿತ್ಯ! ಐಸಿಯು ಹಾಕಿದ ದಿನವೇ ಎಲ್ಲ ಸಿಕ್ಕಿತು.

ಯಲಹಂಕದ ಲೈಬ್ರರಿಯನ್

ಮನೆಗೆಲಸ, ಮಕ್ಕಳು, ಕಾಲೇಜು ಎಲ್ಲ ಮುಗಿಸಿ ಡೆಬಿಯನ್ ಕಲಿಯಲು ಎಲ್ಲರಿಗೂ ಟೈಮ್ ಎಲ್ಲಿದೆ ಸರ್? ನಮ್ಮದು ಸರ್ಕಾರಿ ಕಾಲೇಜು. ಕೇಂದ್ರ ಸರ್ಕಾರದ ಐಟಿ ಸಂಸ್ಥೆ ಎನ್‌ಐಸಿಯ ಇ-ಗ್ರಂಥಾಲಯ ಸಾಫ್ಟ್‌ವೇರ್ ಬಳಸುತ್ತಿದ್ದೇವೆ. 4.0 ಆವೃತ್ತಿ ಬ್ರೌಸರಿನಲ್ಲೇ ನಡೆಯುತ್ತದೆ, ಡೇಟಾ ಅವರ ಕ್ಲೌಡಿನಲ್ಲಿ. ಸರ್ವರ್ ಇಲ್ಲ, ಬ್ಯಾಟರಿ ಇಲ್ಲ, ವೆಂಡರ್ ಕಾಟ ಇಲ್ಲ. ಸಾಫ್ಟ್‌ವೇರಿಗೆ ನಾವು ಒಂದು ರೂಪಾಯಿ ಕೊಟ್ಟಿಲ್ಲ.

ಖರ್ಚಾಗಿದ್ದು ಲೇಬಲ್‌ಗೆ. ಯಾರೂ ಹೇಳಲ್ಲ, ಕೇಳಿ. ಮೊದಲು ಅಂಗಡಿಯವನು ಕೊಟ್ಟದ್ದು ಡೈರೆಕ್ಟ್ ಥರ್ಮಲ್ ಲೇಬಲ್. ಬಿಲ್ 7,800. ಕಿಟಕಿ ಪಕ್ಕದ ಕಪಾಟಿಗೆ ಮಧ್ಯಾಹ್ನದ ಬಿಸಿಲು ಬೀಳುತ್ತದೆ. ಮುಂದಿನ ಬೇಸಿಗೆಗೆ ಬಾರ್‌ಕೋಡ್ ಎಲ್ಲ ಮಾಸಿ ಬೂದಿ ಬಣ್ಣ. ಸ್ಕ್ಯಾನರ್ ಓದುವುದೇ ಇಲ್ಲ. ಬದಲಿಸಿ ಕೊಡಿ ಅಂದರೆ ‘ಮೇಡಂ, ಇದು ಬಿಲ್ ಪೇಪರ್ ತರಹದ್ದೇ, ಅಷ್ಟೇ ಬಾಳಿಕೆ’ ಅಂದ. ಮಾರುವಾಗ ಹೇಳಬೇಕಿತ್ತು ತಾನೇ? ರಿಬ್ಬನ್ ಹಾಕಿ ಮುದ್ರಿಸುವ ಥರ್ಮಲ್ ಟ್ರಾನ್ಸ್‌ಫರ್ ಲೇಬಲ್‌ಗೆ ಮತ್ತೆ 11,200. ಹಳೆಯದನ್ನು ಕೀಳುವಾಗ ಎಷ್ಟೋ ಹಳೆ ಪುಸ್ತಕಗಳ ಹೊದಿಕೆ ಕಿತ್ತು ಬಂತು. ಆ ಸಂಕಟ ಇನ್ನೂ ಹೋಗಿಲ್ಲ.

ರಾಜಾಜಿನಗರ ಕೋಹಾ

ನಿಮ್ಮ ಡೇಟಾ ಬೇರೆಯವರ ಕೈಯಲ್ಲಿದೆ. ನಾಳೆ ನಿಮಗೇ ಬೇಕು ಅಂದರೆ ಇಡೀ ಡೇಟಾ ಮಾರ್ಕ್ ರೂಪದಲ್ಲಿ (ಲೈಬ್ರರಿಗಳೆಲ್ಲ ಬಳಸುವ ದಾಖಲೆಯ ರೂಪ) ಇಳಿಸಿ ಇಟ್ಟುಕೊಂಡಿದ್ದೀರಾ?

ಯಲಹಂಕದ ಲೈಬ್ರರಿಯನ್

ಕರೆಂಟ್ ಹೋದರೆ ನಿಮ್ಮ ಇಡೀ ಕ್ಯಾಟಲಾಗ್ ಒಂದು ಬ್ಯಾಟರಿಯ ಮೇಲೆ ನಿಂತಿದೆ. ನೀವು ವರ್ಗವಾಗಿ ಹೋದರೆ ಆ ಸರ್ವರ್ ನೋಡುವವರು ಯಾರು? ಮೊದಲು ಅದನ್ನು ಹೇಳಿ.

ಮಲ್ಲೇಶ್ವರದ ಓದುಗ

ನಾವು ಅಪಾರ್ಟ್‌ಮೆಂಟಿನವರೆಲ್ಲ ಸೇರಿ ನಡೆಸುವ ಲೈಬ್ರರಿ. 4,000 ಪುಸ್ತಕ. ಗೂಗಲ್ ಶೀಟ್, ಗೂಗಲ್ ಫಾರ್ಮ್, ವಾಟ್ಸಾಪ್ ಗ್ರೂಪ್. ಅಷ್ಟೇ. ಸ್ಕ್ಯಾನರ್ 1,850. ಜನ ಬರುತ್ತಾರೆ, ಓದುತ್ತಾರೆ, ವಾಪಸ್ ತರುತ್ತಾರೆ.

ನುಡಿ ಫೈಲಿನ ಗೋಳು ನಮಗೂ ಆಗಿದೆ, ಒಂದು ಬೇಸಿಗೆ ರಜೆ ಪೂರ್ತಿ ಅದಕ್ಕೇ ಹೋಯಿತು. ನಮಗೆ ದಾನ ಬಂದ ಸಂಗ್ರಹದ ಪಟ್ಟಿ ಹಳೆ ನುಡಿ ಫಾಂಟಿನಲ್ಲಿತ್ತು. ಹಳೆ ಫಾಂಟಿನ ಕನ್ನಡ ಕಂಪ್ಯೂಟರಿನ ಮಟ್ಟಿಗೆ ಇಂಗ್ಲಿಷ್ ಅಕ್ಷರವೇ. ಫಾಂಟ್ ತೆಗೆದರೆ ಬರೀ ಗೀಚು. ಎಲ್ಲ ಕಂಪ್ಯೂಟರಿಗೂ ತಿಳಿಯುವ ಯೂನಿಕೋಡ್‌ಗೆ ಪರಿವರ್ತಿಸಲೇಬೇಕು. ಆದರೆ ಅದೇ ಹಾಳೆಯಲ್ಲಿ ಇಂಗ್ಲಿಷ್ ಪುಸ್ತಕಗಳೂ ಇದ್ದರೆ ಪರಿವರ್ತಕಕ್ಕೆ ವ್ಯತ್ಯಾಸ ತಿಳಿಯಲ್ಲ. ಅವನ್ನೂ ಕನ್ನಡ ಮಾಡಿ ಕಲಸಿಹಾಕುತ್ತದೆ. ನಮಗೆ ಸಿಕ್ಕ ಪರಿವರ್ತಕದಲ್ಲಿ ಅರ್ಕಾವತ್ತೂ ಜಾಗ ತಪ್ಪಿತು. ‘ಧರ್ಮ’ ಹೋಗಿ ‘ಧಮರ್’, ‘ಸೂರ್ಯ’ ಹೋಗಿ ‘ಸೂಯರ್’. ಕಣ್ಣಿಗೆ ಬೀಳುವುದು ಕೆಲವು ಮಾತ್ರ. ಉಳಿದವು ಹಾಗೇ ಕೂತಿರುತ್ತವೆ, ಯಾರು ಹುಡುಕಿದರೂ ಸಿಗಲ್ಲ.

ಇನ್ನೊಂದು. ಎಕ್ಸೆಲ್‌ನಲ್ಲಿ ಐಎಸ್‌ಬಿಎನ್ ಕಾಲಂ ಟೆಕ್ಸ್ಟ್ ಅಂತ ಇಡದಿದ್ದರೆ 9.78ಇ+12 ಅಂತ ಆಗುತ್ತದೆ. ಅಕ್ಸೆಶನ್ ನಂಬರಿನ ಮುಂದಿನ ಸೊನ್ನೆಗಳೂ ಹೋಗುತ್ತವೆ.

ನಿವೃತ್ತ ಕ್ಯಾಟಲಾಗರ್

ಶೀಟಿನಲ್ಲಿ ಹೆಸರು ಬರೆದರೆ ಅದು ಕ್ಯಾಟಲಾಗ್ ಆಗುವುದಿಲ್ಲ. 1962ರಲ್ಲಿ ಗ್ರಂಥಾಲಯ ವಿಜ್ಞಾನಿ ರಂಗನಾಥನ್ ಅವರು ಡಿಆರ್‌ಟಿಸಿ ಎಂಬ ಸಂಶೋಧನೆ ಮತ್ತು ತರಬೇತಿ ಕೇಂದ್ರ ಕಟ್ಟಿದ್ದು ಇದೇ ಬೆಂಗಳೂರಿನಲ್ಲಿ. ಈ ಊರಿನಲ್ಲಿ ಕೂತು ಇಷ್ಟು ಸಡಿಲವಾಗಿ ಮಾತನಾಡುವುದು ನೋಡಿ ಬೇಜಾರಾಗುತ್ತದೆ.

ನಾನು ಕಾರ್ಡ್ ಬರೆಯುತ್ತಿದ್ದಾಗ ಒಬ್ಬ ಲೇಖಕರಿಗೆ ಒಂದೇ ಹೆಸರಿನ ಶೀರ್ಷಿಕೆ. ಹುಡುಗ ‘ಪುಟ್ಟಪ್ಪ’ ಅಂತ ಹುಡುಕಿದರೆ ‘ಕುವೆಂಪು ನೋಡಿ’ ಎಂಬ ಕಾರ್ಡ್ ಸಿಗುತ್ತಿತ್ತು. ಅನಸೂಯಾ ಶಂಕರ್ ಹುಡುಕಿದರೆ ತ್ರಿವೇಣಿಗೆ ಹೋಗುತ್ತಿತ್ತು. ಮೊನ್ನೆ ಒಂದು ಕಾಲೇಜಿನ ಓಪ್ಯಾಕ್ ನೋಡಿದೆ. ಒಬ್ಬರೇ ಪು.ತಿ.ನ. ಮೂರು ಜನ ಆಗಿದ್ದಾರೆ. ಚುಕ್ಕಿ ಇದ್ದವರು, ಚುಕ್ಕಿ ಇಲ್ಲದವರು, ನಡುವೆ ಜಾಗ ಬಿಟ್ಟವರು. ನರಸಿಂಹಾಚಾರ್ ಅಂತ ನಾಲ್ಕನೆಯವರು ಬೇರೆ. ಸಾಫ್ಟ್‌ವೇರ್ ಯಾವುದಾದರೂ ಇರಲಿ, ಇದನ್ನು ಮನುಷ್ಯರು ಕೂತು ಸರಿಮಾಡಬೇಕು.

ಮಲ್ಲೇಶ್ವರದ ಓದುಗ

ಸರ್, ‘ಓದುಗರ ಸಮಯ ಉಳಿಸಿ’ ಅಂತ 1931ರಲ್ಲಿ ಬರೆದವರೂ ರಂಗನಾಥನ್ ಅವರೇ. ನಮ್ಮ ಲೈಬ್ರರಿಯಲ್ಲಿ ಅಜ್ಜಿ ಒಬ್ಬರು ವಾಟ್ಸಾಪಿನಲ್ಲಿ ಕೇಳುತ್ತಾರೆ, ಐದು ನಿಮಿಷದಲ್ಲಿ ಉತ್ತರ ಹೋಗುತ್ತದೆ. ಅವರಿಗೆ ನಿಮ್ಮ ಕ್ಯಾಟಲಾಗಿನ ನಿಯಮಗಳೆಲ್ಲ ಯಾಕೆ?

ನಿವೃತ್ತ ಕ್ಯಾಟಲಾಗರ್

ಐದು ನಿಮಿಷದಲ್ಲಿ ಉತ್ತರ ಹೋಗುವುದು ನಿಮಗೆ ಪುಸ್ತಕದ ಪರಿಚಯ ಇರುವುದರಿಂದ. ‘ಗ್ರಂಥಾಲಯ ಬೆಳೆಯುವ ಜೀವಿ’ ಎಂಬುದು ಅದೇ ರಂಗನಾಥನ್ ಅವರ ಐದನೇ ಸೂತ್ರ. ಅದು ಬೆಳೆದ ಮೇಲೆ, ನೀವು ಊರಿನಲ್ಲಿ ಇಲ್ಲದ ದಿನ ಉತ್ತರ ಕೊಡುವವರು ಯಾರು?

ವೈಟ್‌ಫೀಲ್ಡ್ ಕೌಂಟರ್

ನೀವೆಲ್ಲ ಸಾವಿರದ ಲೆಕ್ಕ ಹೇಳುತ್ತಿದ್ದೀರಿ. ನಮ್ಮ ಶಾಲೆಯಲ್ಲಿ ರೇಡಿಯೋ ಟ್ಯಾಗ್‌ನಿಂದ ಪುಸ್ತಕ ಗುರುತಿಸುವ ಆರ್‌ಎಫ್‌ಐಡಿ ಹಾಕಿದರು, ಸುಮಾರು ಒಂಬತ್ತು ಲಕ್ಷ. ಗೇಟ್ ಎರಡು, ಸೆಲ್ಫ್ ಚೆಕ್ಔಟ್ ಕಿಯಾಸ್ಕ್ ಒಂದು, ಹ್ಯಾಂಡ್‌ಹೆಲ್ಡ್ ರೀಡರ್ ಒಂದು, ಪ್ರತಿ ಪುಸ್ತಕಕ್ಕೆ ಟ್ಯಾಗ್. ಪುಸ್ತಕಕ್ಕೆ ಆ ವರ್ಷ ಉಳಿದದ್ದು 60,000. ಮೂಗಿಗಿಂತ ಮೂಗುತಿ ಭಾರ ಅಂದರೆ ಇದೇ.

ನಮ್ಮ ಕಪಾಟೆಲ್ಲ ಕಬ್ಬಿಣದ್ದು. ಲೋಹದ ಹತ್ತಿರ ಟ್ಯಾಗ್ ಸಿಗ್ನಲ್ ಸರಿಯಾಗಿ ಬರಲ್ಲ, ಸ್ಟಾಕ್ ತೆಗೆಯುವಾಗ ತುದಿಯ ಪುಸ್ತಕಗಳು ರೀಡರಿಗೆ ಕಾಣುವುದೇ ಇಲ್ಲ. ಹೊದಿಕೆಗೆ ಮಿಂಚುವ ಫಾಯಿಲ್ ಇರುವ ಮಕ್ಕಳ ಪುಸ್ತಕದ ಕಥೆಯೂ ಅದೇ. ಮಕ್ಕಳು ಕೂತಲ್ಲೇ ಟ್ಯಾಗ್ ಕೀಳುತ್ತಾರೆ, ಗೇಟ್ ಸುಮ್ನೆ ನಿಂತಿರುತ್ತದೆ. ಕಿಯಾಸ್ಕ್ ರಿಪೇರಿಗೆ ಬಂದ ಕೊಟೇಶನ್ 38,000. ಅಷ್ಟಕ್ಕೆ ನೂರೈವತ್ತು ಕನ್ನಡ ಕಾದಂಬರಿ ಬರುತ್ತಿತ್ತು.

ಎಂಲಿಬ್ ಓದುತ್ತಿರುವವಳು

ಮೇಡಂ ಚಾಟ್‌ಬಾಟ್ ವಿಷಯ ಕೇಳಿದ್ದಾರೆ, ಯಾರೂ ಉತ್ತರಿಸಿಲ್ಲ. ನಾನು ಲೈಬ್ರರಿ ಕೋರ್ಸಿನ ಇಂಟರ್ನ್‌ಶಿಪ್‌ನಲ್ಲಿ ಬಳಸಿದ್ದೇನೆ. ಹೊಸ ಪುಸ್ತಕಗಳ ಕಿರು ಪರಿಚಯ, ನೋಟಿಸ್ ಬೋರ್ಡಿನ ಬರಹ, ಇಂಗ್ಲಿಷ್ ಪತ್ರದ ಕರಡು ಇದಕ್ಕೆಲ್ಲ ತುಂಬಾ ಉಪಯೋಗ. ಭಯಪಡುವ ಅಗತ್ಯ ಇಲ್ಲ.

ನಿವೃತ್ತ ಕ್ಯಾಟಲಾಗರ್

ವರ್ಗ ಸಂಖ್ಯೆ ಕೇಳಿದ್ದೀರಾ ಮಗಳೇ? ನನ್ನ ಪರಿಚಯದ ಲೈಬ್ರರಿಯೊಂದರಲ್ಲಿ ಕನ್ನಡ ಕಾದಂಬರಿಗಳಿಗೆ ಚಾಟ್‌ಬಾಟ್ 894.811 ಕೊಟ್ಟಿದೆ. ವಿಷಯದ ಪ್ರಕಾರ ಸಂಖ್ಯೆ ಕೊಡುವ ಡ್ಯೂಯಿ ಪದ್ಧತಿಯಲ್ಲಿ ಅದು ತಮಿಳು. ಕನ್ನಡ 894.814. ಅಟೆಂಡರ್ ಪಾಪ ಬಂದ ಸಂಖ್ಯೆಯನ್ನೇ ಪುಸ್ತಕದ ಬೆನ್ನಿಗೆ ಅಂಟಿಸಿದ್ದಾರೆ. ಒಂದು ಕಪಾಟು ಕನ್ನಡ ಕಾದಂಬರಿ ತಮಿಳು ಸಾಲಿಗೆ ಹೋಗಿ ಕೂತಿತ್ತು.

ಎಂಲಿಬ್ ಓದುತ್ತಿರುವವಳು

ಸರ್, ಅದು ಡ್ಯೂಯಿ ಪುಸ್ತಕ ತೆರೆದು ನೋಡಿ ಹೇಳುವುದಿಲ್ಲ. ಮಾತಿನ ಓಟ ನೋಡಿ ಹೊಂದುವಂಥದ್ದು ಕೊಡುತ್ತದೆ. ಅದಕ್ಕೇ ಸಂಖ್ಯೆ, ಐಎಸ್‌ಬಿಎನ್, ಜರ್ನಲ್ ಲೇಖನದ ವಿವರ ಯಾವುದನ್ನೂ ಪರಿಶೀಲಿಸದೆ ತೆಗೆದುಕೊಳ್ಳಬಾರದು. ಪಿಎಚ್‌ಡಿ ಮಾಡುವವರೊಬ್ಬರು ತಂದ ಪಟ್ಟಿಯಲ್ಲಿ ಎಷ್ಟೋ ಲೇಖನಗಳು ಎಲ್ಲೂ ಇಲ್ಲದವು. ಜರ್ನಲ್ ನಿಜ, ಲೇಖಕರು ನಿಜ, ಲೇಖನ ಮಾತ್ರ ಇಲ್ಲ. ಆದರೆ ಅದಕ್ಕಾಗಿ ಎಲ್ಲವನ್ನೂ ಬೇಡ ಅನ್ನುವುದು ಸರಿಯಲ್ಲ. ಹಿರಿಯರು ಪ್ರತಿ ಹೊಸದನ್ನೂ ಹೀಗೇ ತಳ್ಳುತ್ತಾ ಬಂದರೆ ನಮ್ಮಂಥವರು ಈ ಕೆಲಸಕ್ಕೆ ಯಾಕೆ ಬರಬೇಕು?

ನಿವೃತ್ತ ಕ್ಯಾಟಲಾಗರ್

ತಳ್ಳಿಲ್ಲ. ನಮ್ಮ ಲೈಬ್ರರಿಗೆ ಮೊದಲ ಕಂಪ್ಯೂಟರ್ ಬಂದಾಗ ಮುಂದೆ ಕೂತವನು ನಾನು. ಕಾರ್ಡುಗಳನ್ನೆಲ್ಲ ಅದಕ್ಕೆ ತುಂಬಿದವನು ನಾನು.

ರಾಜಾಜಿನಗರ ಕೋಹಾ

ಸರ್, ನೀವು ಹೇಳಿದ ಪು.ತಿ.ನ. ಸಮಸ್ಯೆಗೆ ಕೋಹಾದಲ್ಲಿ ಒಬ್ಬ ಲೇಖಕರ ಎಲ್ಲ ಹೆಸರುಗಳನ್ನು ಒಟ್ಟಿಗೆ ಕಟ್ಟುವ ಅಥಾರಿಟಿ ಫೈಲ್ ಇದೆ. ನೂರನೇ ಫೀಲ್ಡಿನಲ್ಲಿ ಒಪ್ಪಿದ ಹೆಸರು, ನಾನೂರರಲ್ಲಿ ಉಳಿದ ರೂಪಗಳು. ಕುವೆಂಪು ಅವರಿಗೆ ನಾವು ‘ಪುಟ್ಟಪ್ಪ, ಕೆ.ವಿ.’ ಅಂತ ಮುಖ್ಯ ಹೆಸರು ಇಟ್ಟಿದ್ದೇವೆ.

ನಿವೃತ್ತ ಕ್ಯಾಟಲಾಗರ್

ತಪ್ಪು. ಓದುಗರು ಯಾವ ಹೆಸರಿನಿಂದ ಬಲ್ಲರೋ ಅದೇ ಮುಖ್ಯ ಶೀರ್ಷಿಕೆ. ಕುವೆಂಪು ಅಂತಲೇ ಇರಬೇಕು.

ರಾಜಾಜಿನಗರ ಕೋಹಾ

ನಮ್ಮ ಹಳೆ ರಿಜಿಸ್ಟರಿನಲ್ಲಿ ಪುಟ್ಟಪ್ಪ ಅಂತಲೇ ಇದೆ. ಎರಡೂ ಕಡೆಯಿಂದ ಹುಡುಕಿದರೂ ಸಿಗುತ್ತದೆ. ಏನು ತೊಂದರೆ?

ನಿವೃತ್ತ ಕ್ಯಾಟಲಾಗರ್

ರಿಜಿಸ್ಟರ್ ಕ್ಯಾಟಲಾಗ್ ಅಲ್ಲ. ಅದು ಲೆಕ್ಕದ ಪುಸ್ತಕ.

ಯಲಹಂಕದ ಲೈಬ್ರರಿಯನ್

ಆ ಮೇಡಂ ಒಬ್ಬ ಅಟೆಂಡರನ್ನು ಇಟ್ಟುಕೊಂಡು 18,000 ಪುಸ್ತಕ ಏರಿಸಬೇಕು. ನೀವಿಬ್ಬರೂ ಕುವೆಂಪು ಮೇಲೆ ಕೂತಿದ್ದೀರಿ. ಮೇಡಂ, ಟ್ರಸ್ಟ್ ಕಾಲೇಜಿಗೆ ಇ-ಗ್ರಂಥಾಲಯ ಹೇಗೆ ಸಿಗುತ್ತದೆ ಎಂದು ನೇರವಾಗಿ ಎನ್‌ಐಸಿಯವರನ್ನೇ ಕೇಳಿ. ಮಧ್ಯವರ್ತಿ ಬೇಡ.

ಬನಶಂಕರಿ ಲೈಬ್ರರಿಯನ್

ಎಲ್ಲರಿಗೂ ಧನ್ಯವಾದ. ಚಾಟ್‌ಬಾಟ್ ಕೊಟ್ಟ ವರ್ಗ ಸಂಖ್ಯೆಗಳನ್ನು ಈಗಲೇ ತೆಗೆದು ನೋಡಿದೆ. ನನ್ನಲ್ಲೂ ಕೆಲವಕ್ಕೆ 894.811 ಬಂದಿದೆ. ಲೇಬಲ್ ಇನ್ನೂ ಮುದ್ರಿಸಿರಲಿಲ್ಲ, ಬಚಾವಾದೆವು. ನುಡಿ ಫೈಲಿನ ಒಂದು ಹಾಳೆ ಪರಿವರ್ತಿಸಿ ನೋಡಿದೆ. ‘ಧಮರ್’ ನಮ್ಮಲ್ಲೂ ಬಂತು. ಮಲ್ಲೇಶ್ವರದ ಸರ್, ನೀವು ಹೇಗೆ ಸರಿಮಾಡಿದಿರಿ?

ಮಲ್ಲೇಶ್ವರದ ಓದುಗ

ಮೊದಲು ಮೂಲ ಫೈಲಿನ ಒಂದು ಪ್ರತಿ ಮುಟ್ಟದೆ ಇಡಿ. ಭಾಷೆಯ ಕಾಲಂ ಸೇರಿಸಿ, ಅದರ ಪ್ರಕಾರ ಇಡೀ ಹಾಳೆ ಸಾರ್ಟ್ ಮಾಡಿ. ಒಂದೇ ಕಾಲಂ ಸಾರ್ಟ್ ಮಾಡಿದರೆ ಒಬ್ಬರ ಪುಸ್ತಕ ಇನ್ನೊಬ್ಬರ ಹೆಸರಿಗೆ ಹೋಗುತ್ತದೆ, ನಮ್ಮಲ್ಲಿ ಒಬ್ಬ ಸದಸ್ಯರು ಹಾಗೆ ಮಾಡಿದಾಗ ವರ್ಶನ್ ಹಿಸ್ಟರಿಯಿಂದ ಹಿಂದಕ್ಕೆ ತರಬೇಕಾಯಿತು. ಕನ್ನಡ ಸಾಲುಗಳನ್ನಷ್ಟೇ ಪರಿವರ್ತಿಸಿ. ಆಮೇಲೆ ‘ರ್’ನಲ್ಲಿ ಮುಗಿಯುವ ಪದಗಳನ್ನೆಲ್ಲ ಹುಡುಕಿ ತೆಗೆಯಿರಿ. ‘ಶಂಕರ್’, ‘ಕುಮಾರ್’ ಸರಿ ಇರುತ್ತವೆ, ‘ಧಮರ್’ ಅಲ್ಲೇ ಸಿಕ್ಕಿಬೀಳುತ್ತದೆ. ‘ಕಾಯರ್ಕ್ರಮ’ದಂಥದ್ದು ಪದದ ನಡುವೆ ಇರುತ್ತದೆ, ಅದನ್ನು ಬೇರೆ ಹುಡುಕಬೇಕು. ಕನ್ನಡ ಚೆನ್ನಾಗಿ ಓದುವ ಇಬ್ಬರು ಬಿಎ ಮಕ್ಕಳು ಸಿಕ್ಕರೆ ಕೆಲಸ ಬೇಗ ಆಗುತ್ತದೆ.

ರಾಜಾಜಿನಗರ ಕೋಹಾ

ಹಾಳೆ ಶುದ್ಧವಾದ ಮೇಲೆ ಅದನ್ನು ಮಾರ್ಕ್ ರೂಪಕ್ಕೆ ತರುವ ಮಾರ್ಕ್‌ಎಡಿಟ್‌ನಲ್ಲಿ ಹಾಕಿ ಮೇಡಂ, ಅದೂ ಉಚಿತ. ಪುಸ್ತಕದ ಶೀರ್ಷಿಕೆ 245ನೇ ಫೀಲ್ಡಿಗೆ, ಲೇಖಕರು 100ಕ್ಕೆ, ಬಾರ್‌ಕೋಡ್ 952ಕ್ಕೆ. ಆಗ ಕೋಹಾಗೆ ನೇರವಾಗಿ ಏರಿಸಬಹುದು. ಡೆಸ್ಕ್‌ಟಾಪ್ ತೆಗೆದುಕೊಳ್ಳುವಾಗ ಹೇಳಿ, ಎಸ್.ಪಿ. ರೋಡಿಗೆ ನಾನೇ ಬರುತ್ತೇನೆ. ಯುಪಿಎಸ್ ಮಾತ್ರ ಸೆಕೆಂಡ್ ಹ್ಯಾಂಡ್ ಬೇಡ.

ನಿವೃತ್ತ ಕ್ಯಾಟಲಾಗರ್

100ಕ್ಕೆ ಹಾಕುವ ಮೊದಲು ಲೇಖಕರ ಪಟ್ಟಿ ಮಾತ್ರ ಬೇರೆ ಮಾಡಿ ನನಗೆ ಕಳಿಸಿ ಮೇಡಂ. ದುಡ್ಡು ಬೇಡ. ಕುವೆಂಪು ಅವರನ್ನು ಕುವೆಂಪು ಅಂತಲೇ ಇಡುತ್ತೇನೆ.

ರಾಜಾಜಿನಗರ ಕೋಹಾ

ಇಡಿ ಸರ್. ನಾನೂರರಲ್ಲಿ ಪುಟ್ಟಪ್ಪ ಅವರನ್ನು ಮರೆಯಬೇಡಿ.